ಅಜ್ಜ-ಅಜ್ಜಿ ಮತ್ತು ಮೊಮ್ಮಕ್ಕಳ ನಡುವೆ ಸಲಿಗೆ ಬೆಳೆಸುವುದು ಹೇಗೆ: ತೊಟ್ಟಿಲಿನಿಂದ ಹದಿಹರೆಯದವರೆಗೆ ಸಮಗ್ರ ಮಾರ್ಗದರ್ಶಿ

ಮೊಮ್ಮಗು ಹುಟ್ಟಿದ ಕೂಡಲೇ ಪ್ರೀತಿ ತಾನಾಗಿ ಉಕ್ಕುತ್ತದೆ. ಒಡನಾಟವನ್ನು ಮಾತ್ರ ದಿನದಿಂದ ದಿನಕ್ಕೆ ಕಟ್ಟಿಕೊಳ್ಳಬೇಕು. ಅಜ್ಜ-ಅಜ್ಜಿಗೆ ಮಗು ಎಂದರೆ ಪ್ರಾಣ, ಆದರೆ ಮಗು ಬಂದ ಐದೇ ನಿಮಿಷಕ್ಕೆ ಫೋನ್ ಹಿಡಿದು ಮೂಲೆ ಸೇರುತ್ತದೆ. ಇಂಥ ಮನೆಗಳು ಬೇಕಾದಷ್ಟಿವೆ. ಅಲ್ಲಿ ಅಕ್ಕರೆಗೆ ಕೊರತೆಯಿಲ್ಲ. ಇಬ್ಬರೇ ಕೂತು ಏನಾದರೊಂದನ್ನು ಜೊತೆಯಾಗಿ ಮಾಡಿದ ಹೊತ್ತು ಕಡಿಮೆ, ಅಷ್ಟೆ. ದುಬಾರಿ ಉಡುಗೊರೆಗಳಾಗಲಿ, ವರ್ಷಕ್ಕೊಮ್ಮೆ ಎಲ್ಲರೂ ಸೇರುವ ಗದ್ದಲದ ಕೂಟಗಳಾಗಲಿ ಈ ನಂಟನ್ನು ಗಟ್ಟಿ ಮಾಡುವುದಿಲ್ಲ. ಅರ್ಧ ಗಂಟೆಯಾದರೂ ಸರಿ, ತಪ್ಪದೆ ಮತ್ತೆ ಮತ್ತೆ ಬರುವ, ಮಧ್ಯೆ ಮೂರನೆಯವರಿಲ್ಲದ ಹೊತ್ತು ಗಟ್ಟಿ ಮಾಡುತ್ತದೆ. ಮುಂದೆ ಹೇಳುವುದೆಲ್ಲ ಆ ಹೊತ್ತನ್ನು ಹೊಂದಿಸಿಕೊಳ್ಳುವ, ಉಳಿಸಿಕೊಳ್ಳುವ ಬಗೆ.

ಈ ನಂಟಿಗೆ ಬಲವಾದ ಬೇರುಗಳಿವೆ. ತಾಂಜಾನಿಯಾದ ಹಾಡ್ಜಾ ಬೇಟೆಗಾರ ಸಮುದಾಯವನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಕ್ರಿಸ್ಟನ್ ಹಾಕ್ಸ್ ಮತ್ತು ಸಂಗಡಿಗರು ಒಂದು ವಿಷಯ ಗಮನಿಸಿದರು: ತಾಯಿ ಹೊಸ ಕೂಸಿನ ಆರೈಕೆಯಲ್ಲಿ ಮುಳುಗಿದಾಗ, ಹಾಲು ಬಿಟ್ಟ ಮಗುವಿನ ಮೈ ತುಂಬುತ್ತಿದ್ದದ್ದು ಅಜ್ಜಿ ಅಗೆದು ತಂದ ಗೆಡ್ಡೆಗಳಿಂದ. 18 ಮತ್ತು 19ನೇ ಶತಮಾನದ ಫಿನ್ಲೆಂಡ್, ಕೆನಡಾಗಳ ಕುಟುಂಬ ದಾಖಲೆಗಳನ್ನು ಜಾಲಾಡಿದ ಸಂಶೋಧಕರು 2004ರಲ್ಲಿ ಪ್ರಕಟಿಸಿದ್ದೂ ಇಂಥದ್ದನ್ನೇ: ಅಜ್ಜಿ ಹೆಚ್ಚು ಕಾಲ ಬದುಕಿದ ಕುಟುಂಬಗಳಲ್ಲಿ ಉಳಿದು ಬೆಳೆದ ಮೊಮ್ಮಕ್ಕಳು ಹೆಚ್ಚು. ನೀವು ಮಗುವಿನ ಬದುಕಿನಲ್ಲಿ ಬಂದುಹೋಗುವ ಅತಿಥಿ ಅಲ್ಲ.

1. ಮೊದಲು ಮಗುವಿನ ಅಪ್ಪ-ಅಮ್ಮನ ಜೊತೆ ಕೂತು ಮಾತಾಡಿ

ಮೊಮ್ಮಗುವನ್ನು ತಲುಪುವ ದಾರಿ ಮಗ-ಸೊಸೆ ಅಥವಾ ಮಗಳು-ಅಳಿಯನನ್ನು ದಾಟಿಯೇ ಹೋಗಬೇಕು. ಅವರ ಜೊತೆ ಮುಸುಕಿನ ಗುದ್ದಾಟ ನಡೆದಿದ್ದರೆ ಮಗುವಿನ ಜೊತೆ ಎಷ್ಟು ಆಡಿದರೂ ಪ್ರಯೋಜನವಿಲ್ಲ, ಏಕೆಂದರೆ ಮಗು ನಿಮ್ಮ ಬಳಿ ಎಷ್ಟು ಹೊತ್ತು ಇರಬೇಕು ಎನ್ನುವುದನ್ನು ತೀರ್ಮಾನಿಸುವವರು ಅವರೇ. ಹಾಗಾಗಿ ಈ ಹಂತವನ್ನು ಹಾರಿಸಬೇಡಿ.

ಮಗು ಮಲಗಿದ ಮೇಲೆ, ಯಾರಿಗೂ ಅವಸರವಿಲ್ಲದ ಹೊತ್ತಿನಲ್ಲಿ, ನೇರವಾಗಿ ಕೇಳಿ. ನಿದ್ದೆಯ ಹೊತ್ತು ಯಾವುದು? ಟಿವಿ, ಫೋನ್ ಎಷ್ಟು ಹೊತ್ತು ಕೊಡಬಹುದು? ಸಿಹಿ ತಿಂಡಿಯ ಲೆಕ್ಕ ಏನು? ಹಠ ಹಿಡಿದು ರಂಪ ಮಾಡಿದರೆ ನೀವು ಏನು ಮಾಡುತ್ತೀರಿ, ನಾನೂ ಅದನ್ನೇ ಮಾಡಲೇ? ಮಗುವಿನ ಫೋಟೊವನ್ನು ಬೇರೆಯವರಿಗೆ ಕಳಿಸಬಹುದೇ? ಇಷ್ಟು ಸ್ಪಷ್ಟವಾದರೆ ಮುಂದೆ ಬರುವ ಜಗಳಗಳಲ್ಲಿ ಹೆಚ್ಚಿನವು ಬರುವುದೇ ಇಲ್ಲ. ಒಪ್ಪಿಗೆಯಾಗದ ಸಂಗತಿಯಿದ್ದರೆ ಅಲ್ಲೇ ಹೇಳಿ, ಮಗುವಿನ ಎದುರು ಬೇಡ.

"ನಿಮ್ಮನ್ನೆಲ್ಲ ನಾವು ಹೀಗೇ ಬೆಳೆಸಲಿಲ್ಲವೇ?" ಎಂಬ ಮಾತು ನಾಲಿಗೆ ತುದಿಗೆ ಬಂದೇ ಬರುತ್ತದೆ. ತಡೆದುಕೊಳ್ಳಿ. ಈಚಿನ ದಶಕಗಳಲ್ಲಿ ಕೆಲವು ತಿಳಿವಳಿಕೆಗಳು ನಿಜಕ್ಕೂ ಬದಲಾಗಿವೆ. ಕೂಸನ್ನು ಬೋರಲು ಮಲಗಿಸುವುದು ಒಂದು ಕಾಲಕ್ಕೆ ಹಲವೆಡೆ ರೂಢಿಯಲ್ಲಿತ್ತು. ಅಂಗಾತ ಮಲಗಿಸಿ ಎಂಬ ಸಲಹೆ 1990ರ ದಶಕದಲ್ಲಿ ಹರಡಿದ ಮೇಲೆ, ನಿದ್ದೆಯಲ್ಲೇ ಹಠಾತ್ತಾಗಿ ಸಾಯುವ ಕೂಸುಗಳ ಸಂಖ್ಯೆ ಹಲವು ದೇಶಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬಾರದು, ಅದರಲ್ಲಿ ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಆರು ತಿಂಗಳವರೆಗೆ ಎದೆಹಾಲು ಮಾತ್ರ ಸಾಕು, ನೀರೂ ಬೇಡ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಾಯಿಕೆಮ್ಮು ದೊಡ್ಡವರಿಂದಲೇ ಕೂಸಿಗೆ ತಗಲುವುದುಂಟು. ಹೊಸ ಕೂಸನ್ನು ಎತ್ತಿಕೊಳ್ಳುವ ಎರಡು ವಾರ ಮೊದಲೇ ಅದರ ಲಸಿಕೆ ಹಾಕಿಸಿಕೊಳ್ಳಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಇಷ್ಟನ್ನು ನೀವಾಗಿಯೇ ತಿಳಿದುಕೊಂಡು ಬಂದರೆ ಹೊಸ ತಾಯಿಯ ಅರ್ಧ ಆತಂಕ ಕರಗುತ್ತದೆ. ಅವಳು ನಂಬಿ ಮಗುವನ್ನು ನಿಮ್ಮ ಕೈಗೆ ಕೊಡುತ್ತಾಳೆ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. "ಅಮ್ಮನಿಗೆ ಹೇಳಬೇಡ" ಎಂದು ಮಗುವಿನ ಕಿವಿಯಲ್ಲಿ ಎಂದಿಗೂ ಉಸುರಬೇಡಿ, ಅದು ಒಂದು ಚಾಕೊಲೇಟಿನ ವಿಷಯವಾಗಿದ್ದರೂ. ದೊಡ್ಡವರು ಹೇಳಿದರೆ ಅಪ್ಪ-ಅಮ್ಮನಿಂದ ಮುಚ್ಚಿಡಬಹುದು ಎಂದು ಕಲಿತ ಮಗು ನಾಳೆ ಕೆಟ್ಟ ಮನಸ್ಸಿನ ಯಾರದೋ ಮಾತನ್ನೂ ಹಾಗೇ ಮುಚ್ಚಿಡುತ್ತದೆ.

ಇದನ್ನು ಓದುತ್ತಿರುವ ಅಪ್ಪ-ಅಮ್ಮಂದಿರಿಗೂ ಒಂದು ಮಾತು. ಜಾಗ ಬಿಟ್ಟುಕೊಡಿ. ಮಗುವನ್ನು ಅಜ್ಜನ ಕೈಗೆ ಕೊಟ್ಟು ಪಕ್ಕದಲ್ಲೇ ನಿಂತು "ಹಾಗಲ್ಲಪ್ಪಾ, ಹೀಗೆ" ಎನ್ನುತ್ತಿದ್ದರೆ ಅಲ್ಲಿ ಯಾವ ಸಲಿಗೆಯೂ ಹುಟ್ಟುವುದಿಲ್ಲ. ಅಂಗಿಯ ಗುಂಡಿ ತಪ್ಪಾಗಿ ಹಾಕಿದರೆ ಹಾಕಲಿ. ಜೀವಕ್ಕೆ, ಆರೋಗ್ಯಕ್ಕೆ ಸಂಬಂಧಿಸಿದ್ದನ್ನು ಖಡಾಖಂಡಿತವಾಗಿ ಹೇಳಿ, ಉಳಿದದ್ದಕ್ಕೆ ಕಣ್ಣು ಮುಚ್ಚಿಕೊಂಡು ಪಕ್ಕದ ಕೋಣೆಗೆ ಹೋಗಿ.

2. ಕೂಸು ಮುಖ ತಿರುಗಿಸಿದರೆ ನೊಂದುಕೊಳ್ಳಬೇಡಿ

ಮೊದಲ ಕೆಲವು ತಿಂಗಳು ಯಾರು ಎತ್ತಿಕೊಂಡರೂ ನಗುತ್ತಿದ್ದ ಕೂಸು, ಆರರಿಂದ ಎಂಟು ತಿಂಗಳ ಸುಮಾರಿಗೆ ನಿಮ್ಮನ್ನು ಕಂಡೊಡನೆ ಕಿಟಾರನೆ ಕಿರುಚಬಹುದು. ಹೋದ ಸಲ ಎದೆಗೊರಗಿ ನಿದ್ದೆ ಮಾಡಿದ ಕೂಸು ಹೀಗೆ ಮಾಡಿದಾಗ ಕರುಳು ಚುರುಕ್ ಎನ್ನುತ್ತದೆ. ಇದು ಬೆಳವಣಿಗೆಯ ಒಂದು ಘಟ್ಟ. ತನ್ನವರು ಯಾರು, ಹೊಸಬರು ಯಾರು ಎಂದು ಬೇರ್ಪಡಿಸಿ ನೋಡುವ ಬುದ್ಧಿ ಆಗ ಮೂಡಿರುತ್ತದೆ.

ಆಗ ಮಾಡಬೇಕಾದ್ದು ಹೀಗೆ. ಬಾಗಿಲಲ್ಲೇ ಕೈ ಚಾಚಿ ಕಸಿದುಕೊಳ್ಳಬೇಡಿ. ಒಳಗೆ ಬಂದು ಸ್ವಲ್ಪ ದೂರದಲ್ಲಿ, ಮಗುವಿನ ಕಣ್ಣಿನ ಎತ್ತರಕ್ಕೆ ಕೂತುಕೊಳ್ಳಿ. ಮೊದಲ ಹತ್ತು ನಿಮಿಷ ಅದರ ಅಮ್ಮನ ಜೊತೆ ನಗುನಗುತ್ತಾ ಮಾತಾಡಿ. ಅಮ್ಮನ ಮುಖ ಸಡಿಲವಾಗಿರುವುದನ್ನು ಮಗು ಓದಿಕೊಳ್ಳುತ್ತದೆ. ಕೈಯಲ್ಲಿ ಒಂದು ಚಮಚ, ಒಂದು ಬಟ್ಟಲು ಇರಲಿ. ಟಣ್ ಎನಿಸಿ, ಸುಮ್ಮನಾಗಿ, ಮತ್ತೆ ಟಣ್ ಎನಿಸಿ. ಮಗುವನ್ನು ನೋಡದೆ ಬಟ್ಟಲನ್ನೇ ನೋಡುತ್ತಿರಿ. ಅಮ್ಮನ ಭುಜದ ಹಿಂದಿನಿಂದ ಒಂದು ಕಣ್ಣು ಇಣುಕುತ್ತದೆ. ಆಮೇಲೆ ಒಂದು ಕೈ. ಚಮಚವನ್ನು ಅದರ ಕಡೆ ನೂಕಿ ನಿಮ್ಮ ಕೈ ಹಿಂದಕ್ಕೆ ತೆಗೆದುಕೊಳ್ಳಿ. ಅದು ತಾನೇ ತೆವಳಿ ಬರುವ ತನಕ ಕಾಯುವುದಷ್ಟೇ ನಿಮ್ಮ ಕೆಲಸ.

ಎರಡರಿಂದ ಆರರ ವಯಸ್ಸಿನಲ್ಲಿ ಮಕ್ಕಳಿಗೆ ಒಂದೇ ಆಟ, ಒಂದೇ ಪುಸ್ತಕ ನೂರು ಸಲ ಬೇಕು. ನಿಮಗೆ ಬೇಸರ ಬಂದರೂ ಅದನ್ನೇ ಓದಿ. ಓದುವಾಗ ಮಧ್ಯೆ ನಿಲ್ಲಿಸಿ "ಈಗ ಏನಾಗುತ್ತೆ?" ಎಂದು ಕೇಳಿ, ಮಗು ಹೇಳಿದ್ದಕ್ಕೆ ಎರಡು ಮಾತು ಸೇರಿಸಿ, ಕಥೆಯನ್ನು ಅದರ ಬಾಯಿಂದಲೇ ಹೇಳಿಸಿ. ಹೀಗೆ ಮಾತು ಹೊರಡಿಸುತ್ತಾ ಓದಿದರೆ ಮಕ್ಕಳ ಭಾಷೆ ಚೆನ್ನಾಗಿ ಬೆಳೆಯುತ್ತದೆ ಎನ್ನುವುದನ್ನು ಮಕ್ಕಳ ಕಲಿಕೆಯನ್ನು ಅಧ್ಯಯನ ಮಾಡುವವರು 1980ರ ದಶಕದಿಂದಲೂ ತೋರಿಸುತ್ತಾ ಬಂದಿದ್ದಾರೆ. ಮೊಣಕಾಲು ನೋವಿದ್ದರೆ ನೆಲಕ್ಕೆ ಇಳಿಯಲೇಬೇಕೆಂದಿಲ್ಲ. ಮೇಜಿನ ಮೇಲೆ ಆಟ ಹರಡಿ ಮಗುವನ್ನೇ ಮೇಲಕ್ಕೆ ಕೂರಿಸಿಕೊಳ್ಳಿ.

3. ಜೊತೆಯಾಗಿ ಒಂದು ಕೆಲಸ ಹಿಡಿಯಿರಿ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಪಾಲಿಸುತ್ತೇನೆ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಐದಾರು ವರ್ಷದಿಂದ ಹನ್ನೊಂದರವರೆಗಿನ ಮಕ್ಕಳನ್ನು ಎದುರು ಕೂರಿಸಿಕೊಂಡು "ಸ್ಕೂಲು ಹೇಗಿದೆ? ಎಷ್ಟು ಮಾರ್ಕ್ಸ್ ಬಂತು?" ಎಂದರೆ "ಚೆನ್ನಾಗಿದೆ" ಎಂಬ ಒಂದೇ ಉತ್ತರ ಸಿಗುತ್ತದೆ. ಅದೇ ಮಗುವಿನ ಕೈಗೆ ಕೆಲಸ ಕೊಟ್ಟು ಪಕ್ಕದಲ್ಲಿ ಕೂತು ನೋಡಿ.

ಅಜ್ಜಿಯ ಕೈಯಲ್ಲಿ ಗುಂಡಿ ಕಿತ್ತುಹೋದ ಅಂಗಿ ಇದೆ ಎನ್ನಿ. ಸೂಜಿಯ ಕಣ್ಣು ಅಜ್ಜಿಗೆ ಕಾಣುವುದಿಲ್ಲ. ಎಂಟು ವರ್ಷದ ಮೊಮ್ಮಗ ದಾರದ ತುದಿಯನ್ನು ತುಟಿಗೆ ತಾಗಿಸಿ ಒದ್ದೆ ಮಾಡಿ, ಒಂದು ಕಣ್ಣು ಮುಚ್ಚಿ ಪೋಣಿಸುತ್ತಾನೆ. ಎರಡು ಸಲ ತಪ್ಪುತ್ತದೆ, ಮೂರನೆಯ ಸಲ ಹೋಗುತ್ತದೆ. ಗಂಟು ಹಾಕುವುದು ಅವನಿಗೆ ಬಾರದು. ಅಜ್ಜಿ ದಾರವನ್ನು ತೋರುಬೆರಳಿಗೆ ಸುತ್ತಿ, ಹೆಬ್ಬೆರಳಿನಿಂದ ಹೊಸೆದು ಎಳೆದು ತೋರಿಸುತ್ತಾಳೆ. ಆಮೇಲೆ ಅವನೇ ಸೂಜಿ ಚುಚ್ಚುತ್ತಾನೆ, ಅಜ್ಜಿ ಗುಂಡಿ ಹಿಡಿದಿರುತ್ತಾಳೆ. ಕಣ್ಣು ಸೂಜಿಯ ಮೇಲಿದೆ, ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ. ಆಗ ಹುಡುಗ ತಾನಾಗಿಯೇ, "ಅಜ್ಜೀ, ನನ್ನ ಫ್ರೆಂಡ್ ಈಗ ನನ್ನ ಪಕ್ಕ ಕೂರಲ್ಲ" ಎನ್ನುತ್ತಾನೆ. ಅಜ್ಜಿ "ಹೌದಾ?" ಎಂದಷ್ಟೇ ಹೇಳಿ ಮುಂದಿನ ಹೊಲಿಗೆಗೆ ಕಾಯುತ್ತಾಳೆ. ಉಳಿದದ್ದೂ ಬರುತ್ತದೆ.

ಕೆಲಸ ಆರಿಸುವಾಗ ನೋಡಬೇಕಾದ್ದಿಷ್ಟು: ಅದು ನಿಜವಾಗಿ ಆಗಬೇಕಾದ ಕೆಲಸವಾಗಿರಲಿ, ಮಗುವನ್ನು ಸುಮ್ಮನಿರಿಸಲು ಹುಡುಕಿದ್ದಾಗಿರಬಾರದು. ಇಬ್ಬರ ಕೈಯೂ ಬೇಕಾಗಬೇಕು. ಕೆಟ್ಟುಹೋದರೂ ಯಾರಿಗೂ ಬೇಜಾರಾಗಬಾರದು. ಗಿಡ ನೆಡುವುದು, ಸೈಕಲ್ ಚೈನಿಗೆ ಎಣ್ಣೆ ಹಾಕುವುದು, ಹಳೇ ಫೋಟೊಗಳ ಹಿಂದೆ ಹೆಸರು ಬರೆಯುವುದು, ಹಾಳಾದ ಟಾರ್ಚ್ ಬಿಚ್ಚಿ ನೋಡುವುದು, ಒಂದು ಹಾಡು ಕಲಿಸುವುದು, ಯಾವುದಾದರೂ ಆದೀತು. ಮುಗಿದ ಮೇಲೆ ಮಗುವಿನ ಕೈವಾಡ ಕಾಣುವಂತೆ ಬಿಡಿ. ಅದು ಹೋದ ಮೇಲೆ ವಕ್ರ ಹೊಲಿಗೆಯನ್ನು ಬಿಚ್ಚಿ ನೆಟ್ಟಗೆ ಹಾಕಬೇಡಿ. ಮುಂದಿನ ಸಲ ಬಂದಾಗ ಅದು ಮೊದಲು ನೋಡುವುದೇ ಅದನ್ನು.

ಪಾತ್ರ ಅದಲುಬದಲಾಗಲಿ. ಫೋನಿನಲ್ಲಿ ದೊಡ್ಡ ಅಕ್ಷರ ಮಾಡುವುದು, ಧ್ವನಿ ಸಂದೇಶ ಕಳಿಸುವುದು, ಅವರ ಆಟದ ನಿಯಮ, ಇವನ್ನೆಲ್ಲ ಮಗುವಿನಿಂದ ಕಲಿಯಿರಿ. ಗುರುವಿನ ಜಾಗದಲ್ಲಿ ಕೂತ ಮಗುವಿನ ಬೆನ್ನು ನೆಟ್ಟಗಾಗುತ್ತದೆ.

ಇಬ್ಬರು ಮೂವರು ಮೊಮ್ಮಕ್ಕಳಿದ್ದರೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಹೊತ್ತು ಕೊಡಿ. ಗುಂಪಿನಲ್ಲಿ ಜೋರಾಗಿ ಮಾತಾಡುವ ಮಗುವೇ ನಿಮ್ಮನ್ನು ಆಳುತ್ತದೆ, ಮೆತ್ತಗಿನದು ಹಿಂದೆ ಉಳಿಯುತ್ತದೆ. "ನೋಡು ನಿನ್ನ ಅಕ್ಕ ಎಷ್ಟು ಜಾಣೆ" ಎಂಬ ಹೋಲಿಕೆ ಒಂದೇ ಒಂದು ಸಲ ಬಂದರೂ ಮಗು ಅದನ್ನು ವರ್ಷಗಟ್ಟಲೆ ನೆನಪಿಡುತ್ತದೆ.

4. ಮನೆತನದ ಕಥೆಗಳನ್ನು ಹೇಳಿ, ಸೋತದ್ದನ್ನೂ ಸೇರಿಸಿ

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಶ್ ಮಕ್ಕಳಿಗೆ 20 ಪ್ರಶ್ನೆಗಳ ಒಂದು ಪಟ್ಟಿ ಸಿದ್ಧಪಡಿಸಿದರು. ನಿನ್ನ ಅಪ್ಪ-ಅಮ್ಮ ಭೇಟಿಯಾದದ್ದು ಹೇಗೆ ಗೊತ್ತೇ, ನಿನ್ನ ಅಜ್ಜ-ಅಜ್ಜಿ ಬೆಳೆದದ್ದು ಎಲ್ಲಿ ಗೊತ್ತೇ, ಹೀಗೆ. ಹೆಚ್ಚು ಪ್ರಶ್ನೆಗಳಿಗೆ "ಗೊತ್ತು" ಎಂದ ಮಕ್ಕಳಲ್ಲಿ ಆತ್ಮವಿಶ್ವಾಸ ಹೆಚ್ಚು ಕಂಡಿತು. ಪಟ್ಟಿಯನ್ನು ಬಾಯಿಪಾಠ ಮಾಡಿಸಿದರೆ ಅದು ಬಾರದು. ಕಥೆ ಹೇಳುವ ಮನೆಯ ಗಾಳಿಯಲ್ಲಿ ಅದು ತಾನಾಗಿ ಬರುತ್ತದೆ.

ಹೇಗೆ ಹೇಳಬೇಕು? "ನಮ್ಮ ಕಾಲದಲ್ಲಿ ಎಷ್ಟು ಕಷ್ಟ ಇತ್ತು ಗೊತ್ತಾ, ನೀವೆಲ್ಲ ಪುಣ್ಯವಂತರು" ಎಂದು ಶುರುಮಾಡಿದರೆ ಮಕ್ಕಳು ಎದ್ದು ಹೋಗುತ್ತಾರೆ, ಏಕೆಂದರೆ ಅದು ಕಥೆಯ ವೇಷದಲ್ಲಿ ಬಂದ ಬುದ್ಧಿವಾದ. ಮಗುವಿನ ವಯಸ್ಸಿನಲ್ಲಿ ನಿಮಗೆ ಏನಾಯಿತು ಎಂದು ಹೇಳಿ. ಒಂಬತ್ತರ ಹುಡುಗಿಗೆ ನೀವು ಒಂಬತ್ತರಲ್ಲಿದ್ದಾಗ ಮಾಡಿದ ತಂಟೆ, ಅವಳ ಅಪ್ಪ ಒಂಬತ್ತರಲ್ಲಿದ್ದಾಗ ಹೆದರಿದ್ದು ಯಾವುದಕ್ಕೆ. ನಪಾಸಾದದ್ದು, ಕೆಲಸ ಹೋದದ್ದು, ಆಮೇಲೆ ಹೇಗೋ ಎದ್ದು ನಿಂತದ್ದು, ಇವೂ ಬರಲಿ. ಗೆಲುವಿನ ಕಥೆ ಮಾತ್ರ ಕೇಳಿ ಬೆಳೆದ ಮಗು ತಾನು ಸೋತ ದಿನ ನಿಮ್ಮ ಹತ್ತಿರ ಬರಲು ಹಿಂಜರಿಯುತ್ತದೆ.

ಮೊಮ್ಮಕ್ಕಳಿಗೂ ಒಂದು ಸುಳಿವು: ಅಜ್ಜನನ್ನು ಮಾತಿಗೆ ಎಳೆಯಬೇಕೆಂದರೆ ಅವರ ಹತ್ತರಿಂದ ಮೂವತ್ತರ ನಡುವಿನ ವರ್ಷಗಳ ಬಗ್ಗೆ ಕೇಳಿ. ವಯಸ್ಸಾದವರ ನೆನಪಿನಲ್ಲಿ ಅತಿ ದಟ್ಟವಾಗಿ ಉಳಿಯುವುದು ಆ ವರ್ಷಗಳೇ. ಹಳೇ ಫೋಟೊ ಒಂದನ್ನು ಮುಂದಿಟ್ಟು "ಇವರು ಯಾರು?" ಎಂದರೆ ಸಾಕು. ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ಧ್ವನಿ ದಾಖಲಿಸಿಕೊಳ್ಳಿ, ಫೈಲಿಗೆ ದಿನಾಂಕ ಮತ್ತು ವಿಷಯ ಹೆಸರಿಸಿ ಇಡಿ.

5. ದೂರದಲ್ಲಿದ್ದರೆ

ದಿನ ಮತ್ತು ಹೊತ್ತು ನಿಗದಿ ಮಾಡಿಕೊಳ್ಳಿ. "ಬಿಡುವಾದಾಗ ಕರೆ ಮಾಡುತ್ತೇವೆ" ಎಂದರೆ ಬಿಡುವು ಆಗುವುದೇ ಇಲ್ಲ. ಒಂದೂವರೆ ವರ್ಷದೊಳಗಿನ ಕೂಸುಗಳಿಗೆ ಪರದೆ ಬೇಡ ಎನ್ನುವ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಡ ತನ್ನ 2016ರ ಸಲಹೆಯಲ್ಲಿ ವಿಡಿಯೊ ಕರೆಗೆ ವಿನಾಯಿತಿ ಕೊಟ್ಟಿದೆ.

ಚಿಕ್ಕ ಮಕ್ಕಳು ಪರದೆಯ ಮುಂದೆ ಕೆಲವೇ ನಿಮಿಷ ನಿಲ್ಲುತ್ತಾರೆ. ಅಷ್ಟರಲ್ಲೇ "ಹಾಯ್ ಹೇಳು, ಹಾಡು ಹೇಳು" ಎಂದು ಒತ್ತಾಯಿಸುವ ಬದಲು ಆಡಿ: ಗೊಂಬೆಯನ್ನು ಬೆನ್ನ ಹಿಂದೆ ಅಡಗಿಸಿ ಯಾವ ಕೈಯಲ್ಲಿದೆ ಎಂದು ಕೇಳಿ, ಒಂದೇ ಪುಸ್ತಕದ ಎರಡು ಪ್ರತಿ ತಂದು ಒಂದನ್ನು ಅವರಿಗೆ ಕಳಿಸಿ ಇಬ್ಬರೂ ಪುಟ ತಿರುಗಿಸಿ. ಫೋನನ್ನು ಒರಗಿಸಿಟ್ಟು ಮಗು ಚಿತ್ರ ಬರೆಯುವುದನ್ನು ಸುಮ್ಮನೆ ನೋಡುತ್ತಾ ನೀವು ನಿಮ್ಮ ಕೆಲಸ ಮಾಡಿಕೊಂಡಿದ್ದರೂ ಆದೀತು. ಹೋದ ಸಲ ಮಗು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಈ ಸಲ ಅಲ್ಲಿಂದಲೇ ಎತ್ತಿಕೊಳ್ಳಿ, "ಆ ಬೆಕ್ಕು ಮತ್ತೆ ಬಂತಾ?" ಎಂದು ಕೇಳುವ ಅಜ್ಜ ಮಗುವಿಗೆ ಹತ್ತಿರದವನು. ಕೈಬರಹದ ಕಾಗದವನ್ನೂ ಕಳಿಸಿ. ಹೆಸರು ಬರೆದು ಅಂಚೆಯಲ್ಲಿ ಬಂದ ಲಕೋಟೆ ಇಂದಿನ ಮಗುವಿಗೆ ಅಪರೂಪದ ವಸ್ತು.

6. ಹದಿಹರೆಯದವರಿಗೆ ಬಾಗಿಲು ತೆರೆದಿಡಿ

ಹದಿಮೂರು ದಾಟಿದ ಮೊಮ್ಮಗಳು ಮೊದಲಿನಂತೆ ತೊಡೆಗೆ ಬೀಳುವುದಿಲ್ಲ. ಅದನ್ನು ಮುನಿಸಿನ ವಿಷಯ ಮಾಡಬೇಡಿ. "ನಮ್ಮನ್ನು ಮರೆತೇಬಿಟ್ಟೆ" ಎನ್ನುವ ಕೊಂಕು ಅವಳನ್ನು ಇನ್ನೂ ದೂರ ಓಡಿಸುತ್ತದೆ. ಬೆಳಗ್ಗೆ ಬೇಗ ಏಳಿಸಿ ಮಾತಾಡಿಸುವುದೂ ಬೇಡ, ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ಓಡುತ್ತದೆ. ಸಂಜೆ ಅಥವಾ ರಾತ್ರಿ ಸಿಗುತ್ತಾರೆ.

ಜೊತೆಯಲ್ಲಿ ನಡೆಯುವಾಗ, ಪ್ರಯಾಣ ಮಾಡುವಾಗ, ಕಣ್ಣಿಗೆ ಕಣ್ಣು ಕೂಡದ ಕಡೆ ಹದಿಹರೆಯದವರು ಹೆಚ್ಚು ಬಿಚ್ಚಿಕೊಳ್ಳುತ್ತಾರೆ. ಅವರು ಏನು ಕೇಳುತ್ತಾರೆ, ಏನು ಆಡುತ್ತಾರೆ ಎಂದು ನಿಜವಾದ ಕುತೂಹಲದಿಂದ ವಿಚಾರಿಸಿ. ಬಟ್ಟೆ, ಕೂದಲು, ತೂಕ, ಬಣ್ಣದ ಬಗ್ಗೆ ಬಾಯಿ ಬಿಡಬೇಡಿ. ಅವರು ಹೇಳಿದ ಗುಟ್ಟನ್ನು ಗುಟ್ಟಾಗಿಯೇ ಇಡಿ, ಆದರೆ ಜೀವಕ್ಕೆ ಅಪಾಯವಿರುವ ವಿಷಯವಾದರೆ ಮುಚ್ಚಿಡಲು ಆಗುವುದಿಲ್ಲ ಎಂದು ಮೊದಲೇ ಹೇಳಿಡಿ. ಅಪ್ಪ-ಅಮ್ಮನ ಜೊತೆ ಜಗಳವಾಗಿ ಬಂದಾಗ ತೀರ್ಪು ಕೊಡದೆ ಕೇಳಿಸಿಕೊಳ್ಳುವ ಒಬ್ಬ ಹಿರಿಯರು ಇದ್ದಾರೆ ಎನ್ನುವುದೇ ಆ ವಯಸ್ಸಿಗೆ ದೊಡ್ಡ ಆಸರೆ.

7. ನಿಮ್ಮ ಮೈ, ನಿಮ್ಮ ಮನೆ, ನಿಮ್ಮ ಶಕ್ತಿ

ವಯಸ್ಸಾದಂತೆ ಮೊದಲು ಕೇಳದಂತಾಗುವುದು ತೀಕ್ಷ್ಣ ಸ್ವರಗಳು. ಮಕ್ಕಳ ಧ್ವನಿ ಇರುವುದೇ ಹಾಗೆ. ನೀವು "ಆಂ? ಆಂ?" ಎನ್ನುತ್ತಿದ್ದರೆ ಮಗು ಹೇಳುವುದನ್ನೇ ಬಿಟ್ಟುಬಿಡುತ್ತದೆ. ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ, ಮಾತಾಡುವಾಗ ಟಿವಿ ಆರಿಸಿ, ಮಗುವನ್ನು ಎದುರಿಗೆ ಬೆಳಕಿನಲ್ಲಿ ಕೂರಿಸಿಕೊಳ್ಳಿ.

ಚಿಕ್ಕ ಮಕ್ಕಳು ಬರುವ ಮೊದಲು ಮಾತ್ರೆಗಳನ್ನೆಲ್ಲ ಎತ್ತರದ, ಬೀಗವಿರುವ ಕಪಾಟಿಗೆ ಸೇರಿಸಿ. ದಿಂಬಿನ ಪಕ್ಕದ ಡಬ್ಬಿ, ಕೈಚೀಲದ ಒಳಗಿನ ಪಟ್ಟಿ, ಇವೇ ಮಕ್ಕಳ ಕೈಗೆ ಮೊದಲು ಸಿಗುವುದು. ಬಿಪಿಯ, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ಒಂದೆರಡೇ ಆದರೂ ಪುಟ್ಟ ಮಗುವಿಗೆ ಪ್ರಾಣಾಪಾಯ. ಕಿವಿಯಂತ್ರ, ರಿಮೋಟ್‌ಗಳ ಗುಂಡಿ ಬ್ಯಾಟರಿ ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಡುತ್ತದೆ. ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.

ಇನ್ನು ಶಕ್ತಿಯ ಮಾತು. ಬರ್ಲಿನ್‌ನಲ್ಲಿ 500ಕ್ಕೂ ಹೆಚ್ಚು ಹಿರಿಯರನ್ನು ಹಲವು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಆಗಾಗ ಮೊಮ್ಮಕ್ಕಳನ್ನು ನೋಡಿಕೊಂಡವರು ನೋಡಿಕೊಳ್ಳದವರಿಗಿಂತ ಹೆಚ್ಚು ಕಾಲ ಬದುಕಿದ್ದು ಕಂಡುಬಂತು. ಅಲ್ಲಿನ "ಆಗಾಗ" ಎಂಬುದನ್ನು ಗಮನಿಸಿ: ಮೊಮ್ಮಕ್ಕಳ ಪೂರ್ತಿ ಹೊಣೆ ಹೊತ್ತವರು ಆ ಲೆಕ್ಕದಲ್ಲಿರಲಿಲ್ಲ. ದಿನವಿಡೀ ಮಗುವಿನ ಹಿಂದೆ ಓಡಿ ಸುಸ್ತಾದ ಅಜ್ಜಿಗೆ ಸಲಿಗೆಗೆ ಉಸಿರೇ ಉಳಿಯುವುದಿಲ್ಲ. ವಾರಕ್ಕೆ ಎಷ್ಟು ದಿನ, ಎಷ್ಟು ಗಂಟೆ ಆಗುತ್ತದೆ ಎಂದು ಲೆಕ್ಕ ಹಾಕಿ ಬಾಯಿಬಿಟ್ಟು ಹೇಳಿ. ಮಕ್ಕಳ ಮನಸ್ಸಿಗೆ ನೋವಾದೀತೆಂದು ಸುಮ್ಮನಿದ್ದು, ಒಳಗೊಳಗೇ ಸಿಡುಕುವುದಕ್ಕಿಂತ ಅದು ಎಲ್ಲರಿಗೂ ಒಳ್ಳೆಯದು.

8. ಮರೆವು ಬಂದಾಗ, ಮನಸ್ತಾಪ ಬಂದಾಗ

ಮರೆವಿನ ಕಾಯಿಲೆ ಶುರುವಾದ ಅಜ್ಜನ ಬಳಿ ಮಗುವನ್ನು ಕರೆತರುವ ಮೊದಲು ನಿಜ ಹೇಳಿ: ಅಜ್ಜನ ಮೆದುಳಿಗೆ ಕಾಯಿಲೆ ಬಂದಿದೆ, ನಿನ್ನ ಹೆಸರು ಮರೆಯಬಹುದು, ಅದು ನಿನ್ನ ಮೇಲಿನ ಕೋಪವಲ್ಲ, ನಿನಗೆ ತಗಲುವುದೂ ಇಲ್ಲ. "ನಾನು ಯಾರು ಹೇಳಿ ನೋಡೋಣ" ಎಂದು ಪರೀಕ್ಷೆ ಮಾಡದಂತೆ ಮಗುವಿಗೆ ಕಲಿಸಿ. "ಅಜ್ಜಾ, ನಾನು ನಿಮ್ಮ ಮೊಮ್ಮಗಳು" ಎಂದು ಅವಳೇ ಹೇಳಿಕೊಂಡು ಕೂರಲಿ. ಹೆಸರುಗಳು ಅಳಿದ ಮೇಲೂ ಹಳೇ ಹಾಡುಗಳು, ಬಟ್ಟೆ ಮಡಿಸುವಂಥ ಕೈಯ ಅಭ್ಯಾಸಗಳು ಬಹುಕಾಲ ಉಳಿಯುತ್ತವೆ. ಅವನ್ನೇ ಜೊತೆಯಾಗಿ ಮಾಡಲಿ. ಹದಿನೈದು ನಿಮಿಷದ ಭೇಟಿ ಸಾಕು.

ಮಗನ ದಾಂಪತ್ಯ ಮುರಿದಿದ್ದರೆ ಅಥವಾ ಹಿರಿಯರ ನಡುವೆಯೇ ಮಾತು ನಿಂತಿದ್ದರೆ, ಮಗುವಿನ ಎದುರು ಅದರ ಅಮ್ಮನನ್ನಾಗಲಿ ಅಪ್ಪನನ್ನಾಗಲಿ ಒಂದು ಮಾತೂ ಹಳಿಯಬೇಡಿ. ಅದು ಇಬ್ಬರ ಮಗುವೂ ಹೌದು, ಆ ಮಾತು ಅದರ ಮೈಗೇ ತಗಲುತ್ತದೆ. ಭೇಟಿಗೆ ಅವಕಾಶವಿಲ್ಲದಿದ್ದಾಗ ಮಗು ಯಾರ ಬಳಿ ಇದೆಯೋ ಅವರಿಗೆ ಚಿಕ್ಕದೊಂದು ಪತ್ರ ಬರೆಯಿರಿ: ಹಳೆಯ ಲೆಕ್ಕ ಕೆದಕದೆ, ಮಗುವನ್ನು ನೋಡುವ ಆಸೆಯನ್ನೂ ನೀವು ಒಪ್ಪಿಕೊಳ್ಳಲು ಸಿದ್ಧವಿರುವ ಷರತ್ತುಗಳನ್ನೂ ಮಾತ್ರ ಹೇಳಿ. ಉತ್ತರ ಬಾರದಿದ್ದರೂ ಹುಟ್ಟುಹಬ್ಬಕ್ಕೆ ಒಂದು ಕಾರ್ಡು ಕಳಿಸಿ, ಬೇಡ ಎಂದು ಹೇಳಿದರೆ ಬರೆದು ನಿಮ್ಮಲ್ಲೇ ಇಟ್ಟುಕೊಳ್ಳಿ. ಭೇಟಿ ಕೂಡಿಬಂದಾಗ ಮೊದಲನೆಯದು ಚಿಕ್ಕದಾಗಿರಲಿ, ಮಗುವಿಗೆ ಪರಿಚಯವಿರುವ ಜಾಗದಲ್ಲಿ ಆಗಲಿ. ತಡವಾದದ್ದಕ್ಕೆ ಅತ್ತು, ಅಪ್ಪಿ, ಕಾರಣ ಕೇಳಬೇಡಿ. ಇಬ್ಬರಿಗೂ ಕೈ ತುಂಬ ಕೆಲಸವಾಗುವಂಥದ್ದೇನನ್ನಾದರೂ ಜೊತೆಗೆ ತೆಗೆದುಕೊಂಡು ಹೋಗಿ.